ಕಡ್ಡಿಯಿಂದ ಕಡ್ಡಿಗೆ

ಮಗಾ,

ನಿನ್ನೆ ರಾತ್ರಿಯಿಂದ ನೀನು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ನಾಳೆ ನಿನ್ನ ಜಪಾನ್ ಫ್ಲೈಟು. ಎದುರಿಗೆ ಕೂತರೆ ಮತ್ತೆ ಜಗಳ ಆಗುತ್ತೆ. ಅದಕ್ಕೇ ಬರೆದು ನಿನ್ನ ಪಾಸ್‌ಪೋರ್ಟ್ ಕವರಿನಲ್ಲಿ ಇಡುತ್ತಿದ್ದೇನೆ.

ಬಿಲ್ಲು ನೋಡಿ ಅಷ್ಟು ಜೋರಾಗಿ ಹೇಳಬಾರದಿತ್ತು. ತಪ್ಪಾಯ್ತು. ಅಷ್ಟು ದೊಡ್ಡ ಹೋಟೆಲಿಗೆ ನಿನ್ನ ದುಡ್ಡಲ್ಲಿ ನೀನು ಕರೆದುಕೊಂಡು ಹೋದೆ. ಬಾಗಿಲಲ್ಲಿ ಪೇಟದವನು ಸೆಲ್ಯೂಟ್ ಹೊಡೆದಾಗ ಎದೆ ಉಬ್ಬಿತ್ತು. ಅದನ್ನು ಹೇಳಲಿಲ್ಲ, ದುಡ್ಡಿನ ಮಾತು ಮಾತ್ರ ಬಾಯಿಗೆ ಬಂತು. ಆದರೆ ನನ್ನ ಮುಖ ಸಪ್ಪಗಾಗಿದ್ದು ಬಿಲ್ಲಿಗಲ್ಲ.

ಆ ಗೆಣಸಿನ ಟೆಂಪುರಾ, ಜಪಾನಿನವರ ಬಜ್ಜಿ. (ಅವರಿಗೆ ಅದನ್ನು ಕಲಿಸಿದ್ದು ಪೋರ್ಚುಗೀಸರು ಅಂದೆಯಲ್ಲ, ಕಡ್ಲೆಹಿಟ್ಟು, ಖಾರ ಕಲಿಸೋದು ಮರೆತಿರಬೇಕು.) ಕಂಬ ಹತ್ತಿ ಕಟಿಂಗ್ ಪ್ಲೇಯರ್ ಹಿಡಿದ ಈ ಕೈಗೆ ಊಟಕ್ಕೆ ಕೊಟ್ಟ ಆ ಎರಡು ಕಡ್ಡಿ ಬಗ್ಗಲಿಲ್ಲ. ಕೊನೆಗೂ ಒಂದು ತುಂಡು ಸಿಕ್ಕ ಖುಷಿಗೆ ನಿನ್ನ ತಮ್ಮನ ಕಡೆ ಚಾಚಿದೆ. ಅವನೂ ಕಡ್ಡಿಯಲ್ಲೇ ಹಿಡಿದುಕೊಂಡ. "ಅಪ್ಪಾ, ಬೇಡ!" ಅಂದೆ ನೀನು. ಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ಹಾಗೆ ದಾಟಿಸೋದು ಅಲ್ಲಿ ಸತ್ತವರ ಮೂಳೆ ಆಯುವಾಗ ಮಾತ್ರ ಅಂದೆ.

ನನ್ನ ಅವ್ವ ಹೋದಾಗ ನಿನಗೆ 5 ವರ್ಷ. ನಿನಗೆ ನೆನಪಿರಲಿಕ್ಕಿಲ್ಲ. ನಮ್ಮ ಗದ್ದೆಯಲ್ಲೇ ಸುಟ್ಟಿದ್ದು. ಮೂರನೇ ದಿನ ಹಾಲು-ತುಪ್ಪ ಬಿಟ್ಟು ಮೂಳೆ ಆಯೋಕೆ ಕೂತೆವು. ಒಳಗಿನ ಬೂದಿ ಇನ್ನೂ ಬೆಚ್ಚಗಿತ್ತು. ಕಾಲಿನ ಕಡೆಯಿಂದ ಶುರು ಮಾಡಿ ಅಂದರು ಹಿರಿಯರು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಾಗ ತೊಡೆಗೆ ಹಾಕಿದ್ದ ಸ್ಟೀಲ್ ಪ್ಲೇಟು ಸಿಕ್ಕಿತು, ಕಪ್ಪಗಾಗಿ. ಏನು ಮಾಡಬೇಕೋ ಯಾರಿಗೂ ಗೊತ್ತಿಲ್ಲ. ನಿಮ್ಮ ದೊಡ್ಡಪ್ಪ ಕುಡಿಕೆಗೆ ಹಾಕು ಅಂದರು, ಸೋದರಮಾವ ಬೇಡ ಅಂದರು. ಇಬ್ಬರೂ ವಾದ ಮಾಡುವಾಗ ಒಂದು ಸ್ಕ್ರೂ ಎತ್ತಿ ಜೇಬಿಗೆ ಹಾಕಿಕೊಂಡೆ. ಮೂಳೆಯನ್ನೆಲ್ಲ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದೆವು. ಸ್ಕ್ರೂ ನನ್ನ ಟೂಲ್ ಬಾಕ್ಸಿನಲ್ಲಿದೆ. ನಿನ್ನಮ್ಮನಿಗೂ ಹೇಳಿಲ್ಲ.

ಜಪಾನಿನಲ್ಲೂ ಕಾಲಿನಿಂದಲೇ ಶುರು ಮಾಡಿ ತಲೆಯ ಮೂಳೆ ಕೊನೆಗೆ ಇಡುತ್ತಾರಂತೆ. ಸತ್ತವರು ಮಡಕೆಯೊಳಗೆ ತಲೆಕೆಳಗಾಗಬಾರದು ಅಂತ. ರಾತ್ರಿ ನಿನ್ನ ತಮ್ಮ ಫೋನಿನಲ್ಲಿ ಓದಿ ಹೇಳಿದ. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ನನ್ನ ಹಾಲು-ತುಪ್ಪಕ್ಕೆ ನೀನು ಬರೋಕಾಗುತ್ತಾ? ರಜೆ ಕೊಡ್ತಾರಾ? ಟಿಕೆಟ್ ಸಿಗುತ್ತಾ? ಮೂರು ದಿನ ಸಾಕಾ? ಟೆಂಪುರಾ ತಣ್ಣಗಾಗೋ ತನಕ ಇದೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಬಿಲ್ಲು ಬಂತು. ಹೊರಡೋ ಮಗಳಿಗೆ ಇಂಥದ್ದು ಬರೀತಾರಾ ಅಂತ ನಿನ್ನಮ್ಮ ಬೈತಾಳೆ, ತೋರಿಸಬೇಡ.

ಅಲ್ಲಿ ಟಿಪ್ಸ್ ಕೊಡೋ ಪದ್ಧತಿ ಇಲ್ಲ ಅಂದೆಯಲ್ಲ, ಆ ದುಡ್ಡು ಉಳಿಸು. ಭೂಕಂಪ ಆದರೆ ಹೊರಗೆ ಓಡಬೇಡ, ಮೇಜಿನ ಕೆಳಗೆ ಸೇರಿಕೋ. ಆಫೀಸಿನವರು ರಾತ್ರಿ ತನಕ ಕೂರಿಸಿದರೆ ಎಲ್ಲದಕ್ಕೂ ತಲೆ ಆಡಿಸಬೇಡ. ಬೆಳಗಿನ ತಿಂಡಿ ಬಿಡಬೇಡ. ನೋಡು, ಪಾಠ ಶುರುವಾಯ್ತು. ನಾನು 9 ಗಂಟೆಗೆ ಮಲಗುವಾಗ ನಿನಗೆ ಹನ್ನೆರಡೂವರೆ. ನೀನು ಮಲಗೋ ಮುಂಚೆ ಒಂದು ಮೆಸೇಜು ಹಾಕು, ಸುಮ್ನೆ 'ಊಟ ಆಯ್ತು' ಅಂತ, ಅಷ್ಟೇ.

ಉಪ್ಪಿನಕಾಯಿ ಡಬ್ಬಿಯನ್ನು ನಿನ್ನಮ್ಮ ಮೂರು ಕವರಿನಲ್ಲಿ ಸುತ್ತಿದ್ದಾಳೆ. ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿನಲ್ಲೇ ಹಾಕು. ಎಣ್ಣೆ ಸೋರಿದರೆ ನನ್ನನ್ನು ಅನ್ನಬೇಡ.

ನಿನ್ನಪ್ಪ