ಗಣಿ ಹೊಂಡದ ಅಂಚಾದರೂ ಹಕ್ಕಿಗಳಿಗಿರಲಿ

ಮಾನ್ಯ ಸಂಪಾದಕರೇ,

ಸೇಡಂ, ಚಿತ್ತಾಪುರ ತಾಲ್ಲೂಕುಗಳಲ್ಲಿ ಸಿಮೆಂಟಿಗಾಗಿ ಸುಣ್ಣದಕಲ್ಲು ತೆಗೆದ ಹೊಂಡಗಳ ಮಾತು ಬಂದಾಗ, ಕಾರ್ಖಾನೆ ಇರುವಲ್ಲಿ ಹಕ್ಕಿಗಳ ಚಿಂತೆ ಏಕೆ ಎಂದು ಕೇಳುವವರೇ ಹೆಚ್ಚು. ಅವರು ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದ ಸಂಗತಿಯನ್ನು ತಿಳಿಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ವೆನೆಜುವೆಲಾ ದೇಶಕ್ಕೆ ಸಮೀಪವಿದ್ದರೂ ನೆದರ್ಲೆಂಡ್ಸ್‌ಗೆ ಸೇರಿದ ಈ ದ್ವೀಪದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಮಾತ್ರ. ಕಳ್ಳಿ, ಮುಳ್ಳುಕಂಟಿ, ಅವುಗಳ ನಡುವೆ ಮೇಯುವ ಮೇಕೆ, ಕತ್ತೆಗಳು: ನಮ್ಮ ಭಾಗದವರಿಗೆ ಅಪರಿಚಿತವೆನಿಸದ ನೆಲ. ಬಿಸಿಲು, ಗಾಳಿಗಳೇ ಅಲ್ಲಿನ ಉಪ್ಪಿನ ಉದ್ಯಮದ ಬಂಡವಾಳ. ಸಮುದ್ರದ ನೀರನ್ನು ಮಡುವಿನಿಂದ ಮಡುವಿಗೆ ಹರಿಸುತ್ತ ಹೋದಂತೆ ಉಪ್ಪಿನಂಶ ಏರುತ್ತದೆ. ಮೀನು ಬದುಕಲಾರದ ಆ ನೀರಿನಲ್ಲಿ ಸಣ್ಣ ಉಪ್ಪುಸೀಗಡಿಗಳೂ ನೊಣದ ಮರಿಗಳೂ ಹೇರಳವಾಗಿ ಬೆಳೆಯುತ್ತವೆ, ಅವುಗಳನ್ನು ತಿಂದೇ ಫ್ಲೆಮಿಂಗೊಗಳು ತಮ್ಮ ಗುಲಾಬಿ ಬಣ್ಣವನ್ನು ಪಡೆಯುತ್ತವೆ. 1960ರ ದಶಕದಲ್ಲಿ ಉದ್ಯಮವನ್ನು ಹೊಸದಾಗಿ ಕಟ್ಟುವಾಗ, ಈ ಹಕ್ಕಿಗಳು ಕೆಸರಿನ ದಿಬ್ಬದ ಮೇಲೆ ಒಂದೊಂದೇ ಮೊಟ್ಟೆಯಿಡುತ್ತಿದ್ದ ಜಾಗವೂ ಉಪ್ಪಿನ ಮಡುಗಳ ಪಾಲಾಗುವುದರಲ್ಲಿತ್ತು. ಕೊನೆಗೆ ಉಪ್ಪಿನ ಮಡುಗಳ ನಡುವೆಯೇ ಸುಮಾರು 55 ಹೆಕ್ಟೇರ್ ಪ್ರದೇಶವನ್ನು ಹಕ್ಕಿಗಳಿಗೆ ಮೀಸಲಿಡಲಾಯಿತು. ಪೆಕೆಲ್‌ಮೀರ್ ಎಂಬ ಆ ಧಾಮಕ್ಕೆ ಇಂದಿಗೂ ಪ್ರವಾಸಿಗರು ಕಾಲಿಡುವಂತಿಲ್ಲ, ರಸ್ತೆಯಲ್ಲಿ ನಿಂತು ದೂರದಿಂದಲೇ ನೋಡಬೇಕು.

ಅದೇ ಉಪ್ಪಿನ ದಡದಲ್ಲಿ, ದುಡಿಯುವ ಗುಲಾಮರಿಗಾಗಿ 1850ರಲ್ಲಿ ಕಟ್ಟಿದ, ಒಬ್ಬ ಆಳು ಬಾಗಿ ನುಸುಳಬೇಕಾದ ಕಲ್ಲುಗೂಡುಗಳು ಇನ್ನೂ ನಿಂತಿವೆ. ಆದ್ದರಿಂದ ಆ ಉದ್ಯಮದ ಚರಿತ್ರೆಯನ್ನೆಲ್ಲ ನಾನು ಹೊಗಳುತ್ತಿಲ್ಲ. ಆ 55 ಹೆಕ್ಟೇರಿನ ತೀರ್ಮಾನವನ್ನಷ್ಟೇ ಮೆಚ್ಚುತ್ತೇನೆ.

ನಮ್ಮ ಊರಿನ ಹಳೆಯ ಗಣಿ ಹೊಂಡದಲ್ಲಿ ಮಳೆನೀರು ಬೇಸಿಗೆಯವರೆಗೂ ನಿಲ್ಲುತ್ತದೆ. ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿಗಳು ಬರುತ್ತವೆ. ಆದರೆ ಗೋಡೆಯಂತೆ ಕಡಿದ ಆ ದಂಡೆಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ ನಡೆದು ಮೇಯುವ ಕೊಕ್ಕರೆಗೆ, ಉಲ್ಲಂಕಿಗೆ ನಿಲ್ಲಲು ಜಾಗವಿಲ್ಲ. ನೀರು ಕುಡಿಯಲು ಇಳಿದ ದನ ಮೇಲೆ ಬರಲಾರದೆ ಸತ್ತದ್ದನ್ನೂ ಕಂಡಿದ್ದೇನೆ. ಸುಣ್ಣದಕಲ್ಲಿನ ಗಣಿಯನ್ನು ಮುಚ್ಚುವ ಮೊದಲು ಅದಕ್ಕೊಂದು ಯೋಜನೆ ಸಲ್ಲಿಸಬೇಕೆಂದು ಕಾನೂನು ಹೇಳುತ್ತದೆ. ಆ ಯೋಜನೆಯಲ್ಲಿ ಪ್ರತಿ ಹೊಂಡದ ಒಂದು ದಂಡೆಯನ್ನಾದರೂ ಇಳಿಜಾರು ಮಾಡಿ, ತೆಗೆದಿಟ್ಟ ಮೇಲ್ಮಣ್ಣನ್ನು ಅಲ್ಲಿ ಹರಡಿ, ಆಳವಿಲ್ಲದ ನೀರಿನ ಅಂಚನ್ನು ಉಳಿಸುವ ಷರತ್ತು ಸೇರಬೇಕು. ಜಿಲ್ಲಾಡಳಿತವೂ ಗಣಿ ಇಲಾಖೆಯೂ ಮುಂದಿನ ಗುತ್ತಿಗೆಗಳ ವಿಚಾರಣೆಯಲ್ಲೇ ಇದನ್ನು ಪರಿಗಣಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓದುಗ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ