ಖಾಲಿ ಸೈಟುಗಳ ಬಗ್ಗೆ ಭಾನುವಾರದ ಮಾತುಕತೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಕದ್ರಿ ಪಾರ್ಕಿನ ಗೇಟಿನ ಹತ್ತಿರ ಸೇರೋಣ. ಬಾಡಿಗೆ ಮನೆ ಹುಡುಕಿ ಸುಸ್ತಾದವರು ನಮ್ಮಲ್ಲೇ ಇದ್ದಾರೆ. ಪಕ್ಕದಲ್ಲೇ ಸೈಟುಗಳು ಪೊದೆ ಬೆಳೆದು ಸುಮ್ನೆ ಬಿದ್ದಿವೆ, ಅಲ್ವಾ?

ಐರ್ಲೆಂಡಿನಲ್ಲಿ ಇದಕ್ಕೆ 2015ರಲ್ಲಿ ಕಾನೂನು ಬಂತು. ಮನೆ ಬೇಕಿರುವ ಕಡೆ 0.05 ಹೆಕ್ಟೇರ್‌ಗಿಂತ (ನಮ್ಮ ಲೆಕ್ಕದಲ್ಲಿ ಸುಮಾರು 12 ಸೆಂಟ್ಸ್) ದೊಡ್ಡ ಜಾಗ ವರ್ಷವಿಡೀ ಖಾಲಿ ಬಿಟ್ಟರೆ ಲೆವಿ (ಒಂಥರಾ ತೆರಿಗೆ) ಹಾಕುತ್ತಿದ್ದರು. 2018ಕ್ಕೆ ಮಾರುಕಟ್ಟೆ ಬೆಲೆಯ ಶೇ 3, 2019ರಿಂದ ಶೇ 7 ಇತ್ತು. ಜಾಸ್ತಿ ಆಯ್ತೇನೋ ಅಂತ ನನಗನಿಸುತ್ತದೆ. ನೀವೂ ಯೋಚಿಸಿ ಬನ್ನಿ.

ನಿಮ್ಮ ಬೀದಿಯ ಖಾಲಿ ಸೈಟು ಎಣಿಸಿ, ಅಂದಾಜು ಸೆಂಟ್ಸ್ ಬರೆದು ತನ್ನಿ. ಮಾಲೀಕರ ಹೆಸರು ಇಲ್ಲಿ ಹಾಕಬೇಡಿ, ಸುಮ್ನೆ ಜಗಳ. ಬರುವವರು ಶುಕ್ರವಾರದೊಳಗೆ ತಿಳಿಸಿ. ಮಳೆ ಬಂದರೆ ನಮ್ಮ ಮನೆ ಜಗಲಿಯಲ್ಲಿ.