ಬಿಚ್ಚಿದ ಹಳೇ ಪಾರ್ಟು ಮಾಲೀಕರ ಕೈಗೆ ಬರಲಿ

ಮಾನ್ಯರೇ,

ರಿಪೇರಿಗೆ ಬಿಟ್ಟ ಗಾಡಿಯಿಂದ ಬಿಚ್ಚಿದ ಹಳೆಯ ಬಿಡಿಭಾಗಗಳನ್ನು ಮಾಲೀಕರಿಗೆ ತೋರಿಸಿ ಒಪ್ಪಿಸುವುದನ್ನು ರಾಜ್ಯದ ಎಲ್ಲ ಗ್ಯಾರೇಜು, ಸರ್ವೀಸ್ ಸೆಂಟರ್‌ಗಳಿಗೂ ಸರ್ಕಾರ ಕಡ್ಡಾಯ ಮಾಡಬೇಕು.

ಇತ್ತೀಚೆಗೆ ಬೆಂಗಳೂರಿನ ಒಂದು ದೊಡ್ಡ ಸರ್ವೀಸ್ ಸೆಂಟರ್‌ಗೆ ನಮ್ಮ ಕಾರನ್ನು ಆಯಿಲ್ ಬದಲಿಸಲೆಂದು ಬಿಟ್ಟಿದ್ದೆವು. ಸಂಜೆ ಕೈಗೆ ಬಂದ ಬಿಲ್ಲಿನಲ್ಲಿ ಇಂಜಿನ್ ಡ್ರೆಸಿಂಗ್, ಎ.ಸಿ. ಡಿಸ್‌ಇನ್ಫೆಕ್ಷನ್, ಥ್ರಾಟಲ್ ಬಾಡಿ ಕ್ಲೀನಿಂಗ್ ಎಂದು ಸಾಲುಸಾಲಾಗಿ ಸೇರಿದ್ದವು. ಯಾವುದಕ್ಕೂ ನಮ್ಮನ್ನು ಕೇಳಿರಲಿಲ್ಲ. ಮುಂದಿನ ಬ್ರೇಕ್ ಪ್ಯಾಡುಗಳನ್ನೂ ಬದಲಿಸಿದ್ದರು. ಹಳೆಯವು ಎಲ್ಲಿ ಎಂದರೆ 'ಸ್ಕ್ರ್ಯಾಪ್‌ಗೆ ಹೋಯ್ತು ಸರ್' ಎಂಬ ಉತ್ತರ. ಅವು ನಿಜಕ್ಕೂ ಸವೆದಿದ್ದವೋ ಇಲ್ಲವೋ, ಇನ್ನು ತಿಳಿಯುವ ದಾರಿಯೇ ಇಲ್ಲ.

ಇದೇ ಊರಿನಲ್ಲಿ ನನ್ನ ಸ್ಕೂಟರ್ ನೋಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಬ್ರೇಕ್ ಶೂ ಬಿಚ್ಚಿ, ಧೂಳು ಒರೆಸಿ, ಲೈನಿಂಗ್ ಎಷ್ಟು ದಪ್ಪ ಉಳಿದಿದೆ ಎಂದು ಉಗುರಿಟ್ಟು ತೋರಿಸುತ್ತಾರೆ. 'ಇನ್ನೂ ಓಡುತ್ತೆ ಸರ್, ಮುಂದಿನ ಸರ್ವೀಸಿಗೆ ನೋಡೋಣ' ಎಂದು ಅದನ್ನೇ ಮತ್ತೆ ಕೂರಿಸಿದ್ದೂ ಉಂಟು. ಹೊಸ ಕೇಬಲ್ ಹಾಕುವುದಿದ್ದರೆ ಎಂ.ಆರ್.ಪಿ. ಇರುವ ಪ್ಯಾಕೆಟ್ಟನ್ನು ನಮ್ಮೆದುರೇ ಒಡೆಯುತ್ತಾರೆ. ಅವರ ಅಂಗಡಿಯಲ್ಲಿ ಎ.ಸಿ. ಕೋಣೆಯೂ ಇಲ್ಲ, ಕಾಫಿ ಮಷೀನೂ ಇಲ್ಲ. ಆದರೆ ಪಕ್ಕದ ಬೀದಿಯವರೆಲ್ಲ ಅಲ್ಲಿಗೇ ಹೋಗುತ್ತಾರೆ. ಇಂಥವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. 'ಅಲ್ಲಿ ನೂರು ರೂಪಾಯಿ ಕಮ್ಮಿ' ಎಂದು ಇವರನ್ನು ಬಿಟ್ಟು ಹೋಗುವ ಗಿರಾಕಿಗಳ ಮೇಲೂ ನನಗೆ ಬೇಸರವಿದೆ.

ಕಾನೂನು ನಮ್ಮ ಪರವಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. 'ಜಿ.ಎಸ್.ಟಿ. ಬೇಡ ಅಂದ್ರೆ ಕಮ್ಮಿ ಆಗುತ್ತೆ' ಎಂಬ ಮಾತಿಗೆ ಒಪ್ಪಿದರೆ ನಾಳೆ ದೂರು ಕೊಡಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕವೇ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ.

ಆದರೆ ಬಿಚ್ಚಿದ ಪಾರ್ಟು ಗುಜರಿ ಸೇರಿದ ಮೇಲೆ ಆಯೋಗದ ಮುಂದೆ ಏನನ್ನು ಇಡುವುದು? ಅದಕ್ಕೇ ಈ ಒತ್ತಾಯ. ವಾರಂಟಿಯಲ್ಲಿ ಬದಲಿಸಿದ ಭಾಗ ಕಂಪನಿಗೆ ವಾಪಸು ಹೋಗಬೇಕಾಗಬಹುದು, ಹಾಗಿದ್ದರೆ ತೋರಿಸಿದರೆ ಸಾಕು. ಹಳೆಯ ಬ್ಯಾಟರಿಯನ್ನು ಅಂಗಡಿಯವರೇ ಇಟ್ಟುಕೊಳ್ಳಲಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲಿ. ಉಳಿದದ್ದೆಲ್ಲ ಮಾಲೀಕರ ಡಿಕ್ಕಿಗೆ ಬರಬೇಕು. ಬಿಚ್ಚುವ ಮೊದಲು ಅಂದಾಜು ಪಟ್ಟಿಗೆ ನಮ್ಮ ಸಹಿ ಇರಬೇಕು. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಫೋನ್ ಮಾಡಿ ಕೇಳಬೇಕು. ಲೇಬರ್ ಚಾರ್ಜಿನ ದರಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ತೂಗುಹಾಕಲು ಒಂದು ಬೋರ್ಡಿನ ಖರ್ಚಷ್ಟೇ ಸಾಕು.

- ಓರ್ವ ಓದುಗ, ರಾಜಾಜಿನಗರ, ಬೆಂಗಳೂರು